ಗುಡ್ನಾಪುರದ ಮಾವಿಗೆ ನಾನು ಬರೆದ ಟ್ರೇ

"ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದವರಿಗೆ "ಹಣ್ಣಿನ ಟ್ರೇ ಬರೀತಿದ್ದೆ" ಎಂದರೆ ಅರ್ಧ ಜನ ನಗುತ್ತಾರೆ. ಉಳಿದರ್ಧ ಜನ ನಾನು ತಟ್ಟೆಯ ಮೇಲೆ ಹಣ್ಣಿನ ಚಿತ್ರ ಬಿಡಿಸುತ್ತಿದ್ದೆ ಎಂದುಕೊಳ್ಳುತ್ತಾರೆ. ನನ್ನ ಸ್ವಂತ ನಾದಿನಿ ಇಪ್ಪತ್ತು ವರ್ಷ ಹಾಗೆಯೇ ತಿಳಿದಿದ್ದಳು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಮಾವು, ಚಿಕ್ಕು ತುಂಬಿದ ರಟ್ಟಿನ ಪೆಟ್ಟಿಗೆ ತೆರೆದರೆ ಒಳಗೆ ಬೂದು ಬಣ್ಣದ, ದಪ್ಪ ಕಾಗದದಂಥದ್ದು ಒಂದು ಇರುತ್ತದಲ್ಲ, ಸಾಲಾಗಿ ಗುಳಿಗಳಿರುವುದು, ಗುಳಿಗೊಂದು ಹಣ್ಣು ಕೂತಿರುವುದು, ಅದೇ ಟ್ರೇ. ಆ ಗುಳಿ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ, ಒಂದು ಗುಳಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಜಾಗ ಎಂದು ನಕ್ಷೆ ಬರೆಯುವುದು ನನ್ನ ಕೆಲಸವಾಗಿತ್ತು. ಹಣ್ಣು ತಿಂದ ಮೇಲೆ ಜನ ಅದನ್ನು ಬಚ್ಚಲ ಒಲೆಗೆ ಹಾಕುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ.

ನಾನು ಕೂರುತ್ತಿದ್ದ ಕಡೆ ಈಗ ಇಬ್ಬರು ಹುಡುಗಿಯರು ಬಂದಿದ್ದಾರೆ, ಇಬ್ಬರೂ ಇಂಜಿನಿಯರಿಂಗ್ ಓದಿದವರು. ನಿವೃತ್ತಿಯ ದಿನ ಅವರು, "ಅಕ್ಕ, ನಿಮಗೆ ಗೊತ್ತಿದ್ದದ್ದನ್ನೆಲ್ಲ ಬರೆದುಕೊಡಿ" ಅಂದರು. ಅವರಿಗೆ ಬೇಕಿದ್ದದ್ದು ಅಳತೆಗಳ ಪಟ್ಟಿ. ಅಳತೆ ಕಡತದಲ್ಲಿದೆ, ನೋಡಿಕೊಳ್ಳಲಿ. ನಾನು ಬರೆಯಲು ಕೂತದ್ದು ಕಡತದಲ್ಲಿ ಇಲ್ಲದ್ದನ್ನು, ಅದರಲ್ಲೂ ಗುಡ್ನಾಪುರದ ಗೌರವ್ವ ಎಂಬುವವರ ನಲವತ್ತು ಆಪೂಸು ಮರಗಳ ಸಂಗತಿಯನ್ನು. ನನ್ನ ಟ್ರೇ ಸರಿಯಾದರೆ ಆ ಮರ ಉಳಿಯುತ್ತಿದ್ದವು, ಕೆಟ್ಟರೆ ಕೊಡಲಿ ಬೀಳುತ್ತಿತ್ತು. ಅಲ್ಲಿಗೆ ಹೋಗುವ ಮೊದಲು ನಾನು ಈ ಕೆಲಸ ಕಲಿತದ್ದು ಹೇಗೆ ಅನ್ನುವುದನ್ನು ಸ್ವಲ್ಪ ಹೇಳಬೇಕು. ಎಷ್ಟು ಕಲಿತಿದ್ದೂ ಎಡವಿದೆ ಎನ್ನುವುದು ಆಗಲೇ ಗೊತ್ತಾಗುವುದು.

ನನ್ನ ತವರು ಸಿದ್ದಾಪುರ ತಾಲೂಕಿನ ನಿಲ್ಕುಂದ. ಐಟಿಐಯಲ್ಲಿ ಯಂತ್ರದ ಭಾಗಗಳ ನಕ್ಷೆ ಬರೆಯುವ ಕೋರ್ಸು ಮುಗಿಸಿ ಶಿರಸಿಗೆ ಕೆಲಸ ಹುಡುಕಿಕೊಂಡು ಬಂದೆ. ಪೇಟೆಯ ಹೊರಗೆ ಹೆಗಡೆಯವರು ಅಂತ ಒಬ್ಬರು, ರದ್ದಿ ಕಾಗದ ಅರೆದು ಟ್ರೇ ಮಾಡುವ ಸಣ್ಣ ಕಾರ್ಖಾನೆ ಹಾಕಿದ್ದರು. ಸಂದರ್ಶನ ಅಂದರೆ ಇಷ್ಟೇ. ಮೇಜಿನ ಮೇಲೆ ಒಂದು ಮಾವಿನಕಾಯಿ ಇಟ್ಟು, "ಇದನ್ನ ಬರಿ" ಅಂದರು. ನಾನು ಕಲಿತ ಹಾಗೆ ಎದುರಿನಿಂದ, ಪಕ್ಕದಿಂದ, ಮೇಲಿನಿಂದ ಮೂರು ನೋಟ ಬರೆದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಚಂದ ಇದೆ. ಆದರೆ ತಂಗಿ, ಇದು ಮಲಗೋದು ಹೆಂಗೆ?"

ಅವರು ಕಾಯಿಯನ್ನು ಮೇಜಿನ ಮೇಲೆ ಮೆಲ್ಲಗೆ ತಳ್ಳಿದರು. ಅದು ಎರಡು ಸಲ ಹೊರಳಿ, ಅತ್ತಿತ್ತ ಅಲ್ಲಾಡಿ, ಒಂದು ಮಗ್ಗುಲಿಗೆ ನಿಂತಿತು. ಇನ್ನೊಮ್ಮೆ ತಳ್ಳಿದರು. ಮತ್ತೆ ಅದೇ ಮಗ್ಗುಲು.

"ನೋಡು, ಇದರ ಹಾಸಿಗೆ ಇದು. ನೀನು ಬರೆಯೋದು ಹಣ್ಣಲ್ಲ ಮಾರಾಯ್ತಿ, ಹಾಸಿಗೆ."

ಆ ಒಂದು ಮಾತಿಗೆ ನಾನು ಅವರಿಗೆ ಋಣಿ. ಮುಂದೆ ಅವರೊಡನೆ ಎಷ್ಟೋ ಸಲ ಜಗಳವಾಡಿದ್ದೇನೆ, ಅದು ಬೇರೆ.

ಮೊದಲ ಟ್ರೇ ಚಿಕ್ಕುವಿನದು. ಹತ್ತು ದಿನ ಕೂತು, ಗೆರೆ ಒಂದು ಕೂದಲೆಳೆ ಆಚೀಚೆ ಆಗದಂತೆ ಬರೆದೆ. ಅದನ್ನು ನೋಡಿ ಅಲ್ಯೂಮಿನಿಯಂ ಅಚ್ಚು ಮಾಡಿದವರು ಇಸ್ಮಾಯಿಲ್ ಮೇಸ್ತ್ರಿ, ಕಾರ್ಖಾನೆಯ ಅಚ್ಚುಗಳೆಲ್ಲ ಅವರ ಕೈಯವೇ. ಅಚ್ಚಿನ ಮೇಲೆ ಸಣ್ಣ ಜಾಲರಿ ಹೊದಿಸಿ, ಕಾಗದದ ಗಂಜಿಯಲ್ಲಿ ಅದ್ದಿ, ಅಡಿಯಿಂದ ನೀರು ಹೀರಿಸಿದರೆ ಜಾಲರಿಗೆ ಗಂಜಿ ಅಂಟಿ ಟ್ರೇ ಆಗುತ್ತದೆ. ಹಸಿ ಟ್ರೇಯಲ್ಲಿ ಚಿಕ್ಕು ಅಚ್ಚುಕಟ್ಟಾಗಿ ಕೂತಿತು, ನಾನು ಹಿಗ್ಗಿದೆ. ಒಣಗಿಸಿ ತಂದ ಮೇಲೆ ನೋಡಿದರೆ ಒಂದು ಚಿಕ್ಕುವೂ ಗುಳಿಗೆ ಇಳಿಯುತ್ತಿಲ್ಲ. ಎಲ್ಲ ಅಂಚಿನ ಮೇಲೆ ಕೂತು ನನ್ನನ್ನು ಅಣಕಿಸುತ್ತಿದ್ದವು.

ಮೇಸ್ತ್ರಿ ನಗಲಿಲ್ಲ. ಹೆಂಗಸರನ್ನೆಲ್ಲ ಅವರು ಮರ್ಯಾದೆಗೆ ಬಾಯಿ ಎಂದೇ ಕರೆಯುವುದು. "ಬಾಯಿ, ಹಪ್ಪಳ ಒತ್ತಿದಾಗ ಎಷ್ಟು ದೊಡ್ಡ ಇರ್ತದೆ, ಒಣಗಿದ ಮೇಲೆ ಅಷ್ಟೇ ಇರ್ತದಾ? ಕಾಗದಾನೂ ಹಂಗೇ" ಅಂದರು.

"ಮೊದಲೇ ಗೊತ್ತಿತ್ತಲ್ಲ ನಿಮಗೆ, ಹೇಳಬಾರದಿತ್ತೇ?"

"ನೀವು ಕೇಳ್ಲಿಲ್ಲ. ನಕ್ಷೆ ಕೊಟ್ರಿ, ಮಾಡು ಅಂದ್ರಿ, ಮಾಡಿದೆ."

ಮೈಯೆಲ್ಲ ಉರಿದುಹೋಯಿತು, ಆದರೆ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಂದಿನಿಂದ ನಕ್ಷೆಯನ್ನು ಪೆನ್ಸಿಲ್ಲಿನಲ್ಲಿ ಮುಗಿಸಿದ ಕೂಡಲೇ ಮೇಸ್ತ್ರಿಯ ಮುಂದೆ ಹರಡಿ, "ಇದರಲ್ಲಿ ಎಂತ ತಪ್ಪಿದೆ ಹೇಳಿ" ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಹುಡುಗಿಯರೇ, ನೀವೂ ಕೇಳಿ. ಕೈಯಲ್ಲಿ ಕೆಲಸ ಮಾಡುವವರಿಗೆ ಗೊತ್ತಿರುತ್ತದೆ, ಆದರೆ ಕೇಳದೆ ಹೇಳುವುದಿಲ್ಲ.

ಹೆಗಡೆಯವರಿಗೆ ಆಗಾಗ ಒಂದು ಹುಚ್ಚು ಹಿಡಿಯುತ್ತಿತ್ತು. ಒಂದು ವರ್ಷ ಅಡಿಕೆ ಹಾಳೆಯ ಹುಚ್ಚು. "ಊರ ತುಂಬ ಹಾಳೆ ಬಿದ್ದಿದೆ, ರದ್ದಿ ಕಾಗದ ಹುಬ್ಬಳ್ಳಿಯಿಂದ ತರ್ಸೋದು ಎಂತಕ್ಕೆ? ಹಾಳೆಯಲ್ಲೇ ಟ್ರೇ ಒತ್ತುವ" ಅಂದರು. ಊಟದ ತಟ್ಟೆಯಷ್ಟು ತಗ್ಗು ಮಾಡಿದರೆ ಹಾಳೆ ಬಗ್ಗುತ್ತದೆ, ಮಾವು ಕೂರುವಷ್ಟು ಆಳ ಮಾಡಿದರೆ ನಾರಿನ ಗುಂಟ ಸೀಳುತ್ತದೆ ಎಂದು ನಾನೂ ಮೇಸ್ತ್ರಿಯೂ ಬಡಕೊಂಡೆವು, ಕೇಳಲಿಲ್ಲ. ಬಿಸಿ ಅಚ್ಚಿನಲ್ಲಿ ಒತ್ತಿದ್ದೆಲ್ಲ ಸೀಳಿತು. ಕೊನೆಗೆ ಗುಳಿಯ ಆಳ ಕಡಿಮೆ ಮಾಡಿ ಒತ್ತಿದ್ದನ್ನು ಯಾರದೋ ಮನೆಯ ಊಟಕ್ಕೆ ಪುಕ್ಕಟೆ ಕೊಟ್ಟರು. ಒಂದು ತಟ್ಟೆಗೆ ಆರು ಗುಳಿ. ಅನ್ನದ ಮೇಲೆ ಸಾರು ಬಡಿಸಿದರೆ ಅದು ಆರೂ ಕಡೆ ಹರಿದು ನಿಂತಿತಂತೆ. ಆಮೇಲೆ ಒಂದು ತಿಂಗಳು ಹೆಗಡೆಯವರ ಮುಂದೆ ಹಾಳೆಯ ಮಾತೆತ್ತುವ ಹಾಗಿರಲಿಲ್ಲ.

ಸಿದ್ದಾಪುರದ ಕಡೆ ಮುರುಗಲು, ಅಂದರೆ ಪುನರ್ಪುಳಿ ಹಣ್ಣಿಗೆ ಟ್ರೇ ಮಾಡಲು ಹೋದದ್ದೂ ಇಂಥದ್ದೇ ಕತೆ. ನಾನು ವರ್ನಿಯರ್ ಎಂಬ ಅಳತೆಪಟ್ಟಿ ಹಿಡಿದು, ಅಂಗಳದಲ್ಲಿ ಕೂತು ಒಂದೊಂದೇ ಮುರುಗಲು ಅಳೆಯುತ್ತಿದ್ದೆ. ಆ ಮನೆಯ ಅಜ್ಜಿ ತುಂಬಾ ಹೊತ್ತು ನೋಡಿ, "ಇದನ್ನ ಮಲಗ್ಸಿ ಕಳ್ಸೋದು ಎಂತಕ್ಕೆ ತಂಗಿ? ಸಿಪ್ಪೆ ಒಣಗ್ಸಿ ಡಬ್ಬಿಗೆ ಹಾಕಿರೆ ವರ್ಷಗಟ್ಲೆ ಬತ್ತದಲ" ಅಂದರು. ಎಲ್ಲ ಹಣ್ಣಿಗೂ ಟ್ರೇ ಬೇಕಿಲ್ಲ ಅಂತ ಕಲಿತದ್ದು ಅವರಿಂದ. ಸಾಮಾನು ಚೀಲಕ್ಕೆ ತುಂಬಿಕೊಂಡು ವಾಪಸ್ಸು ಬಂದೆ.

ಈಗಿನ ಹಾಗೆ ಪೆಟ್ಟಿಗೆಯನ್ನು ಗಡಗಡ ಅಲ್ಲಾಡಿಸಿ ನೋಡುವ ಯಂತ್ರ ನಮ್ಮಲ್ಲಿ ಇರಲಿಲ್ಲ. ನಮ್ಮ ಪರೀಕ್ಷೆ ನಡೆಯುತ್ತಿದ್ದದ್ದು ಯಲ್ಲಾಪುರದ ಬಸ್ಸಿನಲ್ಲಿ. ಹೊಸ ಟ್ರೇಯಲ್ಲಿ ಹಣ್ಣು ತುಂಬಿ, ಪೆಟ್ಟಿಗೆ ಕಟ್ಟಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವುದು, ಅಲ್ಲಿ ಚಹಾ ಕುಡಿದು ಅದೇ ಬಸ್ಸಿಗೆ ತಿರುಗಿ ಬರುವುದು. ಎಲ್ಲಕ್ಕಿಂತ ಹೆಚ್ಚು ಎತ್ತಿ ಹಾಕುವ ಸೀಟು ಅದು. ಕಂಡಕ್ಟರರಿಗೆ ನನ್ನ ಗುರುತು ಸಿಕ್ಕಿಹೋಗಿತ್ತು. "ಅಕ್ಕ, ಇವತ್ತು ಯಾರನ್ನ ಕರ್ಕೊಂಡು ಹೊರಟ್ರಿ?" ಎಂದು ಕೇಳುತ್ತಿದ್ದರು. ಚಿಕ್ಕು ಅಂದರೆ, "ಅರ್ಧ ಟಿಕೆಟ್ಟೋ, ಪೂರ್ತಿಯೋ?" ಅಂತ ಬಸ್ಸೆಲ್ಲ ನಗಿಸುತ್ತಿದ್ದರು. ಮನೆಗೆ ಬಂದು ಆ ಹಣ್ಣುಗಳನ್ನು ಒಂದು ವಾರ ಹಾಗೆಯೇ ಇಡಬೇಕು. ಮಾವನ್ನು ಕಾಯಿ ಇರುವಾಗಲೇ ಕಳಿಸುವುದು ತಾನೇ? ಕಾಯಿ ಏಟು ತಿಂದರೂ ಸುಮ್ಮನಿರುತ್ತದೆ. ಹಣ್ಣಾಗುವಾಗ ಏಟು ಬಿದ್ದ ಜಾಗ ಕಪ್ಪಾಗಿ, ಮೆತ್ತಗಾಗಿ ಕಾಣಿಸಿಕೊಳ್ಳುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆಮೇಲೆ ಕಂಪ್ಯೂಟರ್ ಬಂತು. ನನಗೂ ಕಲಿಸಿದರು, ಕಲಿತೆ. ಬೋರ್ಡಿನ ಮೇಲೆ ಹತ್ತು ದಿನ ಹಿಡಿಯುತ್ತಿದ್ದದ್ದು ಒಂದು ದಿನಕ್ಕೆ ಮುಗಿಯತೊಡಗಿತು, ಬೆನ್ನು ನೋವೂ ಕಡಿಮೆಯಾಯಿತು. ಹಳೆಯದೇ ಚಂದ ಅಂತ ನಾನು ಹಾಡುವವಳಲ್ಲ. ಆದರೆ ಪರದೆಯ ಮೇಲೆ ಮಾವು ತಿರುಗಿಸಿ ತಿರುಗಿಸಿ ತೋರಿಸಿದರೆ ಹೆಗಡೆಯವರು ಸೇರಿ ಎಲ್ಲರೂ ತಲೆಯಾಡಿಸುತ್ತಿದ್ದರು. ಪೆನ್ಸಿಲ್ ನಕ್ಷೆಗೆ ನೂರು ಪ್ರಶ್ನೆ ಕೇಳುತ್ತಿದ್ದ ಮೇಸ್ತ್ರಿಯೂ ಪರದೆಯ ಮುಂದೆ ಬಾಯಿ ಮುಚ್ಚಿಕೊಂಡರು. ಗೌರವ್ವನ ಮಾವಿನ ಟ್ರೇ ನಾನು ಕಂಪ್ಯೂಟರಿನಲ್ಲಿ ಬರೆದ ಎರಡನೆಯದೋ ಮೂರನೆಯದೋ ಇರಬೇಕು.

ಬನವಾಸಿ ಸೀಮೆಯ ರೈತರು ಆಗ ಮಾವನ್ನು ಬಿದಿರ ಬುಟ್ಟಿಯಲ್ಲಿ ಭತ್ತದ ಹುಲ್ಲು ಹಾಸಿ ಹುಬ್ಬಳ್ಳಿಗೆ ಕಳಿಸುತ್ತಿದ್ದರು. ಅಡಿಯ ಪದರ ಜಜ್ಜಿಹೋಗುತ್ತಿತ್ತು. ಗೌರವ್ವನ ಗಂಡ ಈರಪ್ಪನವರು ನಮ್ಮ ಕಾರ್ಖಾನೆಗೆ ಬಂದು, ಟ್ರೇ ಮಾಡಿ ಕೊಡ್ತೀರೇನು ಎಂದು ಕೇಳಿದರು. ಅಳತೆ ತೆಗೆಯಲು ನಾನು ಗುಡ್ನಾಪುರಕ್ಕೆ ಹೋದೆ. ಕೆರೆಯ ಕೆಳಗೆ ಅವರ ಹೊಲ. ಬದುವಿನ ಗುಂಟ, ಹೊಲದ ನಡುವೆ, ಒಟ್ಟು ನಲವತ್ತು ಮರ. ಅಕ್ಕಪಕ್ಕದವರೆಲ್ಲ ಆಗಲೇ ಭತ್ತದ ಗದ್ದೆಗೆ ಅಡಿಕೆ ಹಾಕಿಯಾಗಿತ್ತು.

"ಬರ್ರಿ ಅಕ್ಕೋರ, ಕುಂದರ್ರಿ" ಎಂದು ಗೌರವ್ವ ಕಟ್ಟೆಯ ಮೇಲೆ ಕಂಬಳಿ ಹಾಸಿದರು. "ಈ ಗಿಡ ನಾನು ಮದವ್ಯಾಗಿ ಬಂದ ಮರು ವರ್ಷ ಹಚ್ಚಿದ್ದವ್ರಿ. ಎರಡು ಬ್ಯಾಸಗಿ ಕೆರಿಯಿಂದ ಕೊಡದಾಗ ನೀರು ಹೊತ್ತು ಹಾಕೀನಿ. ಈಗ ನಮ್ಮ ಮನ್ಯಾರು ಕಡದು ಅಡಕಿ ಹಚ್ತೀನಿ ಅಂತ ಕುಂತಾರ."

ಈರಪ್ಪನವರು ಅಲ್ಲೇ ಇದ್ದರು. ಕೆಟ್ಟ ಮನುಷ್ಯರಲ್ಲ, ಮಾತು ನೇರ. "ಹಣ್ಣು ಹುಬ್ಬಳ್ಳಿ ಮುಟ್ಟೂದ್ರಾಗ ಕರೀ ಆದ್ರ ಗಿಡ ಇಟ್ಕೊಂಡು ಏನ್ ಮಾಡ್ಲಿ ಅಕ್ಕೋರ? ಮುಂದಿನ ವರ್ಷ ಒಂದು ನೋಡ್ತೀನಿ, ನಿಮ್ಮ ಟ್ರೇದಾಗ. ಆಗೂ ಹಿಂಗ ಆತಂದ್ರ ಮಿರಗದ ಮಳಿಗೆ ಮೊದ್ಲ ಕೊಡ್ಲಿ ಹಚ್ಚಿ ಅಡಕಿ ಗುಂಡಿ ತೆಗಸ್ತೀನಿ."

ಮಿರಗದ ಮಳೆ ಅಂದರೆ ಜೂನ್ ಮೊದಲ ವಾರ. ಗೌರವ್ವ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಧೈರ್ಯವಾಗಿ, "ಕಪ್ಪಾಗೋದಿಲ್ಲ, ನೋಡ್ತಿರಿ" ಅಂದೆ.

ಪ್ರತಿ ಮರದಿಂದ ಎರಡೆರಡು ಕಾಯಿ ಬೇಕು ಅಂತ ಕೇಳಿದೆ. ಗೌರವ್ವ ತಾವೇ ಆಳನ್ನು ಹತ್ತಿಸಿ, ಕೆಳಗೆ ನಿಂತು ಬೆರಳು ತೋರಿಸಿ ಕೀಳಿಸಿದರು. ಎಂಬತ್ತು ಕಾಯಿ ಬುಟ್ಟಿಯಲ್ಲಿ ತುಂಬಿ, ಒಂದೊಂದನ್ನೂ ಸೆರಗಿನಲ್ಲಿ ಒರೆಸಿ ನನ್ನ ಮುಂದಿಟ್ಟರು. ಎಂಥ ಕಾಯಿ ಅಂತೀರಿ, ಒಂದಕ್ಕೂ ಒಂದು ಚುಕ್ಕೆಯಿಲ್ಲ, ಒಂದೂ ಸಣ್ಣದಿಲ್ಲ. ವರ್ನಿಯರಿನಲ್ಲಿ ಅಳೆದರೆ ಎಂಬತ್ತೂ ಹೆಚ್ಚು ಕಡಿಮೆ ಒಂದೇ ಅಳತೆ. "ನಿಮ್ಮ ಮರಗಳು ಲೆಕ್ಕ ಕಲಿತಿವೆ ಗೌರವ್ವ" ಎಂದು ನಾನು ತಮಾಷೆ ಮಾಡಿದೆ. ಅವರಿಗೆ ಬಹಳ ಖುಷಿಯಾಯಿತು. ನನಗೂ.

ಇಸ್ಮಾಯಿಲ್ ಮೇಸ್ತ್ರಿ ನಾಲ್ಕು ದಿನದಲ್ಲಿ ಮರದ ಅಚ್ಚು ಕೆತ್ತಿ, ಪರೀಕ್ಷೆಗೆ ಎರಡು ಟ್ರೇ ಎತ್ತಿ ಕೊಟ್ಟರು. ಅದೇ ಕಾಯಿಗಳನ್ನು ತುಂಬಿ ಯಲ್ಲಾಪುರಕ್ಕೆ ಹೋಗಿ ಬಂದೆ. ವಾರ ಕಳೆದು ಹಣ್ಣಾದವು, ಒಂದರ ಮೇಲೂ ಕಲೆಯಿಲ್ಲ. ಹೆಗಡೆಯವರು ಎರಡು ತಿಂದು, "ಅಡ್ಡಿಲ್ಲ" ಅಂದರು. ಅದು ಅವರು ಕೊಡುವ ಅತಿ ದೊಡ್ಡ ಪ್ರಶಂಸೆ. ಮಳೆಗಾಲದಲ್ಲಿ ಅಲ್ಯೂಮಿನಿಯಂ ಅಚ್ಚು ಮಾಡಿಸಿದೆವು, ಬೇಸಿಗೆಗೆ ಟ್ರೇ ತಯಾರಾದವು.

ಮರು ವರ್ಷ ಮೇ ತಿಂಗಳಲ್ಲಿ ಮೊದಲ ಲೋಡು. ಕೆರೆಯ ಕಡೆಯ ಸಾಲಿನ ಹದಿಮೂರು ಮರ ಎಲ್ಲಕ್ಕಿಂತ ಮೊದಲು ಬಲಿಯುತ್ತವೆ, ಅವುಗಳ ಕಾಯಿ. ನಾನೂ ಹೋಗಿದ್ದೆ. ಗೌರವ್ವ, ಇನ್ನಿಬ್ಬರು ಹೆಂಗಸರು ಕೂತು ತುಂಬುತ್ತಿದ್ದರು. ಸ್ವಲ್ಪ ಹೊತ್ತಿಗೆ ಗೌರವ್ವ ಒಂದು ಕಾಯಿಯನ್ನು ಗುಳಿಯಲ್ಲಿ ಬೆರಳಿಂದ ಆಡಿಸಿ ನೋಡಿದರು.

"ಅಕ್ಕೋರ, ಕಾಯಿ ತುಸು ಸಡ್ಲ ಕುಂದ್ರತಾವಲ್ರಿ. ಅಡಿಗೆ ಒಂದೊಂದು ಚಿಮಟಿ ಹುಲ್ಲು ಹಾಕ್ಲೇನ್ರಿ?"

ನನಗೆ ಸಿಟ್ಟು ಬಂತು. ಇಪ್ಪತ್ತೈದು ವರ್ಷ ಟ್ರೇ ಬರೆದವಳಿಗೆ ಹುಲ್ಲಿನ ಪಾಠ. "ಹುಲ್ಲು ಹಾಕೋದಾದ್ರೆ ಟ್ರೇ ಯಾಕೆ ಬೇಕಿತ್ತು ಗೌರವ್ವ? ಹಾಕಬೇಡಿ" ಅಂದೆ. ಅವರು ಹಾಗೆಯೇ ತುಂಬಿದರು. ಕಾಯಿ ಸಡಿಲ ಕೂತದ್ದನ್ನು ನಾನೂ ಕಂಡಿದ್ದೆ. ಮೇಲಿನ ಟ್ರೇಯ ಭಾರ ಬಿದ್ದರೆ ಬಿಗಿಯಾಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ.

ಒಂದು ವಾರಕ್ಕೆ ಹುಬ್ಬಳ್ಳಿಯ ದಲಾಲರು ಈರಪ್ಪನವರಿಗೆ ಫೋನು ಮಾಡಿ, ಮಾಲು ಕಪ್ಪಾಗಿದೆ ಅಂದರು. ಈರಪ್ಪನವರು ಅಲ್ಲಿಂದ ಒಂದು ಪೆಟ್ಟಿಗೆ ವಾಪಸ್ಸು ತರಿಸಿ, ನಮ್ಮ ಆಫೀಸಿನ ಮೇಜಿನ ಮೇಲಿಟ್ಟು ಹೋದರು. ಅದೊಂದು ಮಂಗಳವಾರ.

ತೆರೆದೆ. ಒಂದೊಂದು ಹಣ್ಣಿಗೂ ಎರಡೂ ಕೆನ್ನೆಯ ಮೇಲೆ ಕಪ್ಪು ಕಲೆ. ಎಲ್ಲಕ್ಕೂ ಒಂದೇ ಜಾಗದಲ್ಲಿ. ಲಾರಿ ಒಂದೇ ಸಲ ಜೋರಾಗಿ ಎತ್ತಿ ಹಾಕಿದರೆ ಏಟು ಅಡಿಗೆ ಬೀಳುತ್ತದೆ. ಎರಡೂ ಕೆನ್ನೆಗೆ ಬಿದ್ದಿದೆ ಅಂದರೆ ಹಣ್ಣು ದಾರಿಯುದ್ದಕ್ಕೂ ಗುಳಿಯೊಳಗೆ ಅತ್ತಿಂದಿತ್ತ ಹೊರಳಾಡಿದೆ. ವರ್ನಿಯರ್ ತೆಗೆದು ಅಳೆದೆ. ನನ್ನ ನಕ್ಷೆಯ ಹಣ್ಣಿಗಿಂತ ಒಂದೊಂದೂ ಹೆಬ್ಬೆರಳ ಅರ್ಧದಷ್ಟು ಸಣ್ಣ.

ಆಗ ನನಗೆ ಆ ಎಂಬತ್ತು ಕಾಯಿಗಳು ಅರ್ಥವಾದವು. ನಮ್ಮ ಕಡೆ ಮನೆಗೆ ಬಂದವರಿಗೆ ಯಾರಾದರೂ ಸಣ್ಣ ಹಣ್ಣು ಕೊಡುತ್ತಾರೆಯೇ? ಕೇಳಿ ಬಂದವರ ಮುಂದೆ ಮರದ ಅತಿ ಒಳ್ಳೆಯದನ್ನೇ ಇಡುವುದು. ನಿಲ್ಕುಂದದಲ್ಲಿ ನಮ್ಮ ತಾಯಿಯೂ ಹಾಗೆಯೇ. ಕೃಷಿ ಇಲಾಖೆಯವರು ಬಾಳೆಯ ನಮೂನೆ ಕೇಳಿದಾಗ ಇಡೀ ತೋಟ ಸುತ್ತಿ, ಕಾಪಾಡಿ ಇಟ್ಟ ಗೊನೆಯನ್ನೇ ಕಡಿದುಕೊಟ್ಟಿದ್ದಳು. ಗೌರವ್ವ ನನಗೆ ಕೊಟ್ಟದ್ದು ನಮೂನೆಯಲ್ಲ, ಮರ್ಯಾದೆ. ನಾನು ಆ ಮರ್ಯಾದೆಯನ್ನು ಅಳೆದು ಅಚ್ಚು ಮಾಡಿಸಿದ್ದೆ. ಬಸ್ಸಿನ ಪರೀಕ್ಷೆಯನ್ನೂ ಅದೇ ಕಾಯಿಗಳಿಂದ ಮಾಡಿದ್ದೆ. ನಲವತ್ತು ಮರದ ಕಾಯಿ ಒಂದೇ ಅಳತೆಗೆ ಬಂದಾಗ ಅನುಮಾನ ಪಡಬೇಕಾದವಳು ತಮಾಷೆ ಮಾಡಿ ನಕ್ಕಿದ್ದೆ. ನಾನೇ ಮರದ ಕೆಳಗೆ ನಿಂತು, ಕೈಗೆ ಸಿಕ್ಕಿದ್ದನ್ನು, ದೊಡ್ಡದು ಸಣ್ಣದು ನೋಡದೆ ಕೀಳಿಸಬೇಕಾಗಿತ್ತು.

ಹೆಗಡೆಯವರಿಗೆ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. "ಸುಮಿತ್ರಾ, ಸದ್ಯ ಸುಮ್ನಿರು. ದೊಡ್ಡ ಆರ್ಡರೊಂದು ಬರೋದ್ರಲ್ಲಿದೆ. ಅಚ್ಚು ತಪ್ಪಾಯ್ತು ಅಂತ ಹೊರಗೆ ಹೋದ್ರೆ ಅದೂ ಹೋಗ್ತದೆ. ಇಪ್ಪತ್ತು ಜನರ ಹೊಟ್ಟೆ ನೋಡ್ಬೇಕಲ್ಲ ಮಾರಾಯ್ತಿ. ಈರಪ್ಪನಿಗೆ ನಾನು ಹೇಳ್ತೆ, ಡ್ರೈವರ್ ಜೋರು ಬಿಟ್ಟ, ಮುಂಡಗೋಡ ರಸ್ತೆ ಸರಿ ಇಲ್ಲ ಅಂತ" ಅಂದರು. ನನ್ನ ಮುಂದೆಯೇ ಫೋನು ಮಾಡಿ ಹೇಳಿದರು ಕೂಡ.

ನಾನು ಸುಮ್ಮನಿದ್ದೆ. ಎಲ್ಲ ಹೆಗಡೆಯವರ ಮೇಲೆ ಹಾಕಿ ನಾನು ಕೈತೊಳೆದುಕೊಳ್ಳುವುದಿಲ್ಲ. ಅವರ ಮಾತು ನನಗೊಂದು ನೆಪ ಅಷ್ಟೇ. ನನಗೆ ನಾಚಿಕೆಯಾಗಿತ್ತು. ಹುಲ್ಲು ಹಾಕಲೇ ಎಂದು ಕೇಳಿದ ಹೆಂಗಸಿನ ಮುಂದೆ ಹೋಗಿ, ನೀವು ಹೇಳಿದ್ದೇ ಸರಿ ಅನ್ನಲು ನಾಲಿಗೆ ಏಳಲಿಲ್ಲ. ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎಂದು ದಿನ ದೂಡಿದೆ. ಆಫೀಸಿನಲ್ಲಿ ಕೂತು ಹೊಸ ಗುಳಿಯ ನಕ್ಷೆ ಬರೆಯುತ್ತಿದ್ದೆ. ಅದನ್ನು ತೋರಿಸಿ ಹೇಳಿದರೆ ಮರ್ಯಾದೆ ಉಳಿಯುತ್ತದೆ ಅಂತ ಒಂದು ಲೆಕ್ಕಾಚಾರ.

ಎಂಟು ದಿನ ಕಳೆದು, ಬುಧವಾರ ಬೆಳಿಗ್ಗೆ, ಇಸ್ಮಾಯಿಲ್ ಮೇಸ್ತ್ರಿ ಬಂದು ಆ ಹೊಸ ನಕ್ಷೆ ನೋಡಿದರು. ಹಳೆಯದರ ಪಕ್ಕ ಇಟ್ಟು ನೋಡಿದರು. ಅವರಿಗೆ ಬೇರೆ ಏನೂ ಹೇಳಬೇಕಾಗಲಿಲ್ಲ.

"ಬಾಯಿ, ಅವರಿಗೆ ಗೊತ್ತುಂಟಾ?"

"ಇಲ್ಲ."

"ಇವತ್ತು ಹೇಳಿದ್ರೂ ಅದೇ ಮಾತು, ನಾಳೆ ಹೇಳಿದ್ರೂ ಅದೇ ಮಾತು. ಇವತ್ತೇ ಹೋಗಿ. ನೀವು ಹೋಗದಿದ್ರೆ ನಾನು ಹೋಗ್ತೇನೆ. ಅಚ್ಚು ನಂದೂ ಹೌದಲ್ಲ."

ವರ್ನಿಯರನ್ನೂ ಹಳೆಯ ನಕ್ಷೆಯನ್ನೂ ಚೀಲಕ್ಕೆ ಹಾಕಿಕೊಂಡು, ಹೆಗಡೆಯವರಿಗೆ ಹೇಳದೆ ಬನವಾಸಿಯ ಬಸ್ಸು ಹತ್ತಿದೆ. ಗುಡ್ನಾಪುರದಲ್ಲಿ ಇಳಿದು ಹೊಲದ ಕಡೆ ನಡೆಯುವಾಗಲೇ ಕೊಡಲಿಯ ಸದ್ದು ಕೇಳಿಸಿತು. ಕೆರೆಯ ಕಡೆಯ ಸಾಲು ಪೂರ್ತಿ ನೆಲಕ್ಕೆ ಬಿದ್ದಿತ್ತು, ಹದಿಮೂರು ಮರ. ಕೊಂಬೆಗಳನ್ನು ಸವರಿ ಒಟ್ಟಿದ್ದರು. ತುದಿಯಲ್ಲಿ ಉಳಿದಿದ್ದ ಕಾಯಿಗಳು ನೆಲದ ತುಂಬ ಬಿದ್ದಿದ್ದವು, ಆಡುಗಳು ತಿನ್ನುತ್ತಿದ್ದವು. ಆಳುಗಳು ಎರಡನೆಯ ಸಾಲಿನ ಮೊದಲ ಮರದ ಕಾಯಿ ಇಳಿಸಿ, ಬುಡದ ಮಣ್ಣು ಬಿಡಿಸುತ್ತಿದ್ದರು.

ಈರಪ್ಪನವರು ನನ್ನನ್ನು ಕಂಡು ಹತ್ತಿರ ಬಂದರು. "ಏನ್ ಮಾಡೂದ್ರಿ ಅಕ್ಕೋರ. ನಿಮ್ಮ ಟ್ರೇ ಚೊಲೋನ ಐತಿ. ಹೆಗಡೇರು ಹೇಳಿದ್ರು, ರೋಡು ಸರಿ ಇಲ್ಲ, ಡ್ರೈವರ್ ಸರಿ ಇಲ್ಲಂತ. ರೋಡ ನಾ ಮಾಡ್ಸಾಕ ಆಗ್ತೈತೇನು? ಡ್ರೈವರ್ ಮುಂದಿನ ವರ್ಷಾನೂ ಹಂಗ ಬಿಡ್ತಾನ. ಅದಕ್ಕ ಕಡಸಾಕ ಹತ್ತೀನಿ" ಅಂದರು.

ಸುಳ್ಳು ಯಾರ ತಲೆಯ ಮೇಲೂ ಬೀಳದ ಸಣ್ಣ ಸುಳ್ಳು ಅಂತ ನಾವು ತಿಳಿದಿದ್ದೆವು. ಅದು ಬಿದ್ದದ್ದು ಆ ಮರಗಳ ಬುಡಕ್ಕೆ. ನಾನು ಬಗ್ಗಿ, ನೆಲದ ಮೇಲಿನ ಒಂದು ಕಾಯಿ ಹೆಕ್ಕಿ, ವರ್ನಿಯರ್ ಜೊತೆಗೆ ಅವರ ಕೈಗೆ ಕೊಟ್ಟೆ. ಹಳೆಯ ನಕ್ಷೆ ಬಿಡಿಸಿ ತೋರಿಸಿದೆ. ಗುಳಿ ದೊಡ್ಡದಾಗಿದೆ, ನಾನು ಒಳ್ಳೊಳ್ಳೆಯ ಕಾಯಿ ಅಷ್ಟನ್ನೇ ಅಳೆದೆ, ಟ್ರೇ ತಪ್ಪು ಅಂದೆ.

ಅವರು ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹಂಗಾದ್ರ ರೋಡಿಂದಲ್ಲ?"

"ಅಲ್ಲ."

"ಡ್ರೈವರಂದೂ ಅಲ್ಲ?"

"ಅಲ್ಲ. ನನ್ನ ತಪ್ಪು. ಗುಳಿ ಸಣ್ಣದು ಮಾಡಿದ್ರೆ ಸರಿಯಾಗ್ತದೆ. ಈ ವರ್ಷದ ಉಳಿದ ಕಾಯಿಗೆ ಅಡಿಯಲ್ಲಿ ಹುಲ್ಲು ಹಾಕಿದ್ರೂ ಸಾಕು, ಗೌರವ್ವ ಅವತ್ತೇ ಹೇಳಿದ್ದರು. ನಾನೇ ಬೇಡ ಅಂದೆ."

ಅವರು ವರ್ನಿಯರನ್ನು ನನ್ನ ಕೈಗೆ ವಾಪಸ್ಸು ಕೊಟ್ಟರು. ಆಮೇಲೆ ಆಳುಗಳ ಕಡೆ ತಿರುಗಿ, "ಸಾಕ ನಿಂದರ್ರಿ. ಬುಡಕ್ಕ ಮಣ್ಣು ಎಳದು ಬಿಡ್ರಿ" ಅಂದರು.

ಅದೇ ವಾರ ಉಳಿದ ಮರಗಳ ಕಾಯಿ ಟ್ರೇಯಲ್ಲಿ ಹುಲ್ಲು ಹಾಕಿಕೊಂಡು ಹೋಯಿತು, ಕಪ್ಪಾಗದೆ ಮುಟ್ಟಿತು. ಹೆಗಡೆಯವರು ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು. ಬರಬೇಕಿದ್ದ ಆರ್ಡರು ಬಂದೇ ಬಂತು, ಆಮೇಲೆ ಮಾತು ತಾನಾಗಿ ಶುರುವಾಯಿತು. ಮರು ವರ್ಷ ಎರಡು ಅಳತೆಯ ಅಚ್ಚು ಮಾಡಿದೆವು. ದೊಡ್ಡ ಕಾಯಿಗೆ ಒಂದು, ಸಾಧಾರಣ ಕಾಯಿಗೆ ಒಂದು. ಅದು ಈಗಲೂ ಓಡುತ್ತಿದೆ, ಹುಡುಗಿಯರೇ, ನಿಮ್ಮ ಕಡತದಲ್ಲಿ ಇರುವುದು ಅದೇ. ಕಾರ್ಖಾನೆಯಲ್ಲಿ ಈ ಕತೆಯನ್ನು ಎಲ್ಲರೂ ಹೇಳುವುದು ಹೀಗೆ: ಸುಮಿತ್ರಕ್ಕ ಹೋಗಿ ತಪ್ಪು ಒಪ್ಪಿಕೊಂಡು ಇಪ್ಪತ್ತೇಳು ಮರ ಉಳಿಸಿದಳು. ನನ್ನ ಬೀಳ್ಕೊಡುಗೆಯ ದಿನವೂ ಅದನ್ನೇ ಹೇಳಿ ಚಪ್ಪಾಳೆ ತಟ್ಟಿದರು. ನಾನು ಹಾರ ಹಾಕಿಸಿಕೊಂಡು ತಲೆ ಕೆಳಗೆ ಹಾಕಿ ಕೂತಿದ್ದೆ. ವಿನಯ ಅಂದುಕೊಂಡಿರಬೇಕು.

ಅವರಿಗೆ ಗೊತ್ತಿಲ್ಲದ್ದು ಇಷ್ಟು. ಅವತ್ತು ಹೊಲದಿಂದ ಮನೆಗೆ ಬಂದಾಗ ಗೌರವ್ವ ಕಟ್ಟೆಯ ಮೇಲೆ ಕೂತಿದ್ದರು. ಆಳೊಬ್ಬ ಮುಂದಾಗಿ ಹೋಗಿ ಎಲ್ಲ ಹೇಳಿದ್ದ. ನಾನು ಎದುರು ನಿಂತು, ತಪ್ಪಾಯಿತು ಗೌರವ್ವ ಅಂದೆ. ಅವರು ನನ್ನನ್ನು ಕೂರಿಸಿದರು, ನೀರು ಕೊಟ್ಟರು. ನಾನು ಕುಡಿದು ಚೊಂಬು ಕೆಳಗಿಟ್ಟ ಮೇಲೆ ಕೇಳಿದರು.

"ಅಕ್ಕೋರ, ನಿಮಗ ಗೊತ್ತಾಗಿದ್ದು ಯಾವತ್ತ್ರಿ?"

ನಿನ್ನೆ ಅಂದುಬಿಡಬಹುದಿತ್ತು. ನಿನ್ನೆ ಅನ್ನುವ ಮಾತು ಬಾಯಿಯ ತುದಿಗೆ ಬಂದಿತ್ತು. "ಹೋದ ವಾರದ ಮಂಗಳವಾರ" ಅಂದೆ.

ಅವರು ಕೆರೆಯ ಕಡೆ ನೋಡಿದರು. "ಕೊಡ್ಲಿ ಹಚ್ಚಿದ್ದು ಶುಕ್ರವಾರ್ರಿ" ಅಂದರು. ಬೈಯಲಿಲ್ಲ, ಅಳಲಿಲ್ಲ. ಎದ್ದು ಚಹಾ ಮಾಡಲು ಒಳಗೆ ಹೋದರು.